ಜೀರಿಗೆ ನೀರು

ಕುಂಞಿ ಮೋನು ರಬ್ಬರ್ ಶೀಟನ್ನು ಎರಡೂ ಕೈಯಲ್ಲಿ ಎತ್ತಿ, ತನ್ನ ಖರೀದಿ ಅಂಗಡಿಯ ಬಾಗಿಲಲ್ಲಿ ಬರುತ್ತಿದ್ದ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಟೋಮಿ ಚೇಟ, ಇದರ ಒಳಗೆ ಎಂತದೋ ಉಂಟಲ್ಲ" ಎಂದಾಗ, ಅದು ಏನೆಂದು ಟೋಮಿ ಹತ್ತಿರ ಹೋಗಿ ನೋಡಬೇಕಾಗಿರಲಿಲ್ಲ. ಆದರೂ ನೋಡಿದ. ಜೇನು ಬಣ್ಣದ ಹಾಳೆಯೊಳಗೆ ಒಂದು ಮೂಲೆಯಿಂದ ಹೊರಟು, ನಡುವೆ ಎರಡು ಸುತ್ತು ಹಾಕಿ, ಎದುರಿನ ಅಂಚಿಗೆ ಬಂದು ಮುಗಿದಿದ್ದ ಉದ್ದದ ಒಂದು ಕೂದಲು. ಕುಂಞಿ ಮೋನು ಉಗುರಿನಲ್ಲಿ ತುದಿ ಹಿಡಿದು ಎಳೆದ. ಬರಲಿಲ್ಲ. ಟ್ರೇಯಲ್ಲಿ ರಬ್ಬರ್ ಹಾಲು ಹೆಪ್ಪುಗಟ್ಟುವ ಮೊದಲೇ ಬಿದ್ದದ್ದು. ರೋಲರಿನಲ್ಲಿ ಒತ್ತಿಸಿಕೊಂಡು, ಹೊಗೆಗೂಡಿನಲ್ಲಿ ನಾಲ್ಕು ದಿನ ತೂಗಿ ಒಣಗಿ, ಈಗ ಅದು ಶೀಟಿನದೇ ಒಂದು ನರವಾಗಿತ್ತು. "ಎಂತ ಮಾರಾಯ್ರೆ, ನಿಮ್ಮ ರಬ್ಬರಿಗೆ ಕೂದಲು ಬಂದಿದೆ. ಇನ್ನು ಮರದ ಟ್ಯಾಪಿಂಗಿಗಲ್ಲ, ಕ್ಷೌರಕ್ಕೆ ಜನ ಮಾಡ್ಬೇಕು ನೀವು" ಎಂದು ಅವನು ಹೇಳಿದ್ದಕ್ಕೆ ಬೆಂಚಿನಲ್ಲಿ ಕೂತಿದ್ದ ಇಬ್ಬರು ನಕ್ಕರು. ಟೋಮಿಯೂ ನಕ್ಕ. ನಗಬೇಕಾದಲ್ಲಿ ನಗುವುದನ್ನು ಅವನು ಅಪ್ಪನ ಜೊತೆ ಹುಟ್ಟೂರು ಪಾಲಾದಿಂದ ಈ ಕಡಬದ ಕಡೆಗೆ ಬಂದು ಕಾಡು ಕಡಿದ ಕಾಲದಲ್ಲಿಯೇ ಕಲಿತಿದ್ದ. ಎರಡನೆಯ ಶೀಟು ಎತ್ತಿದರೆ ಅದರಲ್ಲಿಯೂ ಇತ್ತು. ಮೂರನೆಯದರಲ್ಲಿ ಐದಾರು. ಕುಂಞಿ ಮೋನು ನಗು ನಿಲ್ಲಿಸಿ, ಶೀಟುಗಳನ್ನು ಮಡಚಿ ಬೇರೆ ಇಟ್ಟು, ದನಿ ತಗ್ಗಿಸಿ, "ಮನೆಯಲ್ಲಿ ಯಾರಿಗಾದ್ರೂ ಸೌಖ್ಯ ಇಲ್ವಾ?" ಎಂದು ಕೇಳಿದ. ತಮಾಷೆಯನ್ನು ಹೇಗೋ ತಡೆದುಕೊಂಡಿದ್ದ ಟೋಮಿಗೆ ಈ ಕಾಳಜಿಯನ್ನು ತಡೆದುಕೊಳ್ಳಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಗೆ ಬಂದ.

ಹೆಂಡತಿ ಆಲೀಸ್ ರಸ್ತೆಯ ಆಚೆ ಬದಿಯಲ್ಲಿ, ಮುಚ್ಚಿದ ಹೋಟೆಲಿನ ಜಗಲಿಯ ಮೇಲೆ ನಿಂತಿದ್ದಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಬಟ್ಟೆಯ ಚೀಲ. ಚೀಲದಿಂದ ನೀಲಿ ಫ್ಲಾಸ್ಕಿನ ಮುಚ್ಚಳ ಇಣುಕುತ್ತಿತ್ತು. ಬೆಳಿಗ್ಗೆ ಟೋಮಿಯ ತಾಯಿ ತ್ರೇಸ್ಯಾಮ್ಮ ಅದರಲ್ಲಿ ಜೀರಿಗೆ ಹಾಕಿ ಕುದಿಸಿದ ನೀರು ತುಂಬಿಸುವಾಗ ಬೇಡ ಎಂದು ಹೇಳಲು ಬಾಯಿ ತೆರೆದವನು, ಯಾಕೆ ಬೇಡ ಎಂದು ಅವಳು ಕೇಳುವ ಮೊದಲೇ ಅಂಗಳಕ್ಕಿಳಿದು ಶೀಟುಗಳನ್ನು ಕಟ್ಟತೊಡಗಿದ್ದ. ಬಸ್ಸು ತಿರುಗುವ ಜಾಗ ಅಂಗಡಿಯ ಬದಿಗಿತ್ತು. ಅವಳನ್ನು ಈಚೆಗೆ ಕರೆಯಬೇಕಿತ್ತು. ಹೆಸರು ನಾಲಿಗೆಯ ತನಕ ಬಂದು ಅಲ್ಲಿಯೇ ಕೂತಿತು. ಅವನು ಎರಡು ಸಲ ಚಪ್ಪಾಳೆ ತಟ್ಟಿದ. ಅಂಗಡಿಯ ಬೆಂಚಿನವರು ನೋಡಿದರು, ಕಟ್ಟೆಯ ಮೇಲಿನ ನಾಯಿ ನೋಡಿತು, ಕೊನೆಗೆ ಆಲೀಸ್ ನೋಡಿದಳು. ರಸ್ತೆ ದಾಟಿ ಬಂದು ಪಕ್ಕದಲ್ಲಿ ನಿಂತು, ಎತ್ತಲೋ ನೋಡುತ್ತ, "ಕೋಳಿ ಓಡಿಸಿದ ಹಾಗೆ ಕರೀತೀರಿ" ಎಂದಳು. ಕೋಪವೇನಿರಲಿಲ್ಲ. ಚೀಲವನ್ನು ಇನ್ನೊಂದು ಕಂಕುಳಿಗೆ ದಾಟಿಸಿ, "ಮೂರು ತಿಂಗಳಾಯ್ತು ಅಚ್ಚಾಯ, ನೀವು ನನ್ನ ಹೆಸರು ಹೇಳದೆ" ಎಂದಳು. ಟೋಮಿ ಕೈಗಡಿಯಾರ ನೋಡಿದ. ಒಂಬತ್ತಕ್ಕೆ ಇನ್ನು ಹತ್ತು ನಿಮಿಷ.

ಬಸ್ಸು ಆಲಂಕಾರಿನ ಕಡೆಯ ಇಳಿಜಾರಿಗೆ ಬಿದ್ದಾಗ ಒಂಬತ್ತಾಯಿತು, ಅವಳ ಕೈ ನಡುಗತೊಡಗಿತು. ಮುಂದಿನ ಹೆಂಗಸರ ಸೀಟಿನಲ್ಲಿ ಕೂತಿದ್ದ ಅವಳ ಬೆರಳುಗಳು ಚೀಲದ ಹಿಡಿಯ ಮೇಲೆ ಒಂದೊಂದಾಗಿ ಏಳುವುದು, ಕಂಬ ಹಿಡಿದು ಹಿಂದೆ ನಿಂತಿದ್ದ ಅವನಿಗೆ ಕಾಣುತ್ತಿತ್ತು. ಬಸ್ಸಿನ ಅಲುಗಾಟವೂ ಇತ್ತು, ಹಾಗಾಗಿ ಬೇರೆಯವರಿಗೆ ಗೊತ್ತಾಗುವಂತಿರಲಿಲ್ಲ. ಅವನಿಗೆ ಗೊತ್ತು. ಎರಡು ವಾರದಿಂದ ದಿನವೂ ಗಡಿಯಾರ ಹಿಡಿದು ನೋಡಿದ್ದಾನೆ. ಒಂಬತ್ತಕ್ಕೆ ಬೆರಳು, ಹತ್ತಕ್ಕೆ ಮೊಣಕೈ, ಮತ್ತೆ ಗದ್ದ. ಹನ್ನೊಂದೂವರೆಗೆ ಯಾರೋ ಹಿಡಿದು ನಿಲ್ಲಿಸಿದಂತೆ ನಿಲ್ಲುತ್ತದೆ. ರಬ್ಬರ್ ಹಾಲಿಗೆ ಆಸಿಡ್ ಹೊಯ್ಯುವ ಕೆಲಸವನ್ನು ಅವಳಿಂದ ತಪ್ಪಿಸಿದ್ದಾಯಿತು, ಚಹಾದ ಗ್ಲಾಸಿನ ಬದಲು ಸ್ಟೀಲಿನ ಲೋಟ ಕೊಟ್ಟದ್ದಾಯಿತು. ಬೆಳಗಿನ ಹೊತ್ತು ನಿತ್ರಾಣ ಹೆಚ್ಚು, ಮೊಟ್ಟೆ ಕೊಡಬೇಕು ಎಂದು ತ್ರೇಸ್ಯಾಮ್ಮ ಹೇಳುತ್ತಾಳೆ. ಒಂಬತ್ತು ಎಂದರೇನು, ಹನ್ನೊಂದೂವರೆ ಎಂದರೇನು ಎಂದು ಮನೆಯಲ್ಲಿ ಗೊತ್ತಿರುವುದು ಟೋಮಿ ಒಬ್ಬನಿಗೇ. ಮಗು ಸತ್ತು ಹುಟ್ಟಿತು ಎಂದು ಅವನು ಹೆಂಡತಿಗೆ ಹೇಳಿದ್ದ, ತಾಯಿಗೆ ಹೇಳಿದ್ದ, ಇಗರ್ಜಿಯಲ್ಲಿ ಫಾದರಿಗೂ ಹೇಳಿದ್ದ. ಅದು ಒಂಬತ್ತಕ್ಕೆ ಹುಟ್ಟಿ ಹನ್ನೊಂದೂವರೆಯ ತನಕ ಬದುಕಿತ್ತು.

ಹೆಣ್ಣು. ಇಷ್ಟುದ್ದ, ಮೊಣಕೈಯಿಂದ ಬೆರಳ ತುದಿಯಷ್ಟು. ತಲೆ ತುಂಬ ಕೂದಲು, ಹಣೆಯ ಮೇಲೆ ಒದ್ದೆಯಾಗಿ ಅಂಟಿಕೊಂಡು. ಆಸ್ಪತ್ರೆಯ ಆಯಾ ಪಂಕಜಾಕ್ಷಿ ಅದನ್ನು ಟವೆಲಿನಲ್ಲಿ ಸುತ್ತಿ ತಂದು ವರಾಂಡದ ಬೆಂಚಿನಲ್ಲಿ ಅವನ ತೊಡೆಯ ಮೇಲೆ ಇಟ್ಟು, "ಡಾಕ್ಟ್ರು ಆಗುದಷ್ಟು ಮಾಡಿದ್ರು. ಹೆಚ್ಚು ಹೊತ್ತು ಇರುದಿಲ್ಲ ಇದು. ನಿಮ್ಮಲ್ಲಿ ಎಂತದೋ ನೀರು ಹಾಕುದು ಉಂಟಲ್ಲ, ಹಾಕಿ ಬಿಡಿ" ಎಂದಳು. ಗೋಡೆಯ ಆಚೆ, ಹೊಟ್ಟೆ ಕೊಯ್ದು ಹೊಲಿದ ಆಲೀಸ್ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಮಲಗಿದ್ದಳು ಎನ್ನುವುದೂ ಸುಳ್ಳು, ನಡುಗುತ್ತಿದ್ದಳು. ನಾಲ್ಕು ಕಂಬಳಿ ಹೊದೆಸಿದರೂ ನಿಲ್ಲದ ನಡುಕ, ಕಬ್ಬಿಣದ ಮಂಚದ ಕಾಲು ಸಿಮೆಂಟಿನ ನೆಲಕ್ಕೆ ಬಡಿಯುವ ಶಬ್ದ ವರಾಂಡದ ತನಕ ಕೇಳುತ್ತಿತ್ತು. ಆಪರೇಷನ್ ಆದವರಿಗೆ ಹಾಗಾಗುವುದುಂಟು ಎಂದು ನರ್ಸ್ ಹೇಳಿದ್ದಳು. ಸಾಯುವ ಮಗುವಿಗೆ ಪಾದ್ರಿ ಇಲ್ಲದಿದ್ದರೆ ಯಾರು ಬೇಕಾದರೂ ಮಾಮೋದೀಸ ಕೊಡಬಹುದು, ತಲೆಗೆ ನೀರು ಹೊಯ್ದು ಹೆಸರು ಹೇಳಿ ಇಂಥ ಮಾತು ಹೇಳಿದರೆ ಸಾಕು ಎಂದು ಅವನು ಏಳನೆಯ ವಯಸ್ಸಿನಲ್ಲಿ ಕಲಿತದ್ದು. ಪಕ್ಕದಲ್ಲಿ ನೀಲಿ ಫ್ಲಾಸ್ಕು ಇತ್ತು. ಅವನು ಮುಚ್ಚಳಕ್ಕೆ ಬಗ್ಗಿಸಿ ಹೊಯ್ದ. ನೀರು ಇನ್ನೂ ಬೆಚ್ಚಗಿತ್ತು. ಮೂರು ಸಲ ಹೊಯ್ದು, ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಮಗುವಿನ ಹಣೆಯ ಕೂದಲಲ್ಲಿ ಒಂದು ಜೀರಿಗೆ ಕಾಳು ಸಿಕ್ಕಿಕೊಂಡಿದ್ದು ಕಂಡಿತು. ತಲೆ ಎತ್ತಿದರೆ ವರಾಂಡದ ತುದಿಯಲ್ಲಿ, ಹತ್ತು ಹೆಜ್ಜೆ ದೂರದಲ್ಲಿ, ನೀರಿನ ನಳ್ಳಿ.

ಈ ಹತ್ತು ಹೆಜ್ಜೆಯನ್ನು ಅವನು ಮೂರು ತಿಂಗಳಿಂದ ನಡೆಯುತ್ತಲೇ ಇದ್ದಾನೆ. ಪಾಲಾದಲ್ಲಿ ಇಗರ್ಜಿಯ ಹಿಂದಿನ ಶೆಡ್ಡಿನಲ್ಲಿ, ಕಾಲು ಮುರಿದ ಬೆಂಚಿನ ಮೇಲೆ, ಭಾನುವಾರದ ವೇದಪಾಠದ ಸಿಸ್ಟರ್ ಬೆರಳು ಮಡಚಿ ಹೇಳುತ್ತಿದ್ದರು: ಎಳನೀರು ಆಗುವುದಿಲ್ಲ, ಗಂಜಿತಿಳಿ ಆಗುವುದಿಲ್ಲ, ಹಾಲು ಆಗುವುದಿಲ್ಲ, ಚಹಾ ಆಗುವುದಿಲ್ಲ, ನೀರು, ಬರಿಯ ನೀರು. ಹೊಳೆಯದಾದರೂ ಸರಿ, ಬಾವಿಯದಾದರೂ ಸರಿ, ಹೊಂಡದ ಕೆಸರು ನೀರಾದರೂ ಸರಿ. ಆಗ ಹಿಂದಿನ ಬೆಂಚಿನಿಂದ ಚಾಂಡಿ ಎಂಬ ಹುಡುಗ ಎದ್ದು ಏನೋ ಕೇಳಿದ್ದ, ಇಡೀ ಶೆಡ್ಡು ನಕ್ಕಿತ್ತು, ಸಿಸ್ಟರ್ ಏನೋ ಉತ್ತರ ಹೇಳಿದ್ದರು. ಚಾಂಡಿ ಕೇಳಿದ್ದು ಜೀರಿಗೆ ನೀರನ್ನೇ ಇರಬೇಕು. ಅವರ ಮನೆಗಳಲ್ಲಿ ಬರಿಯ ನೀರು ಕುಡಿಯುವವರು ಯಾರಿದ್ದರು? ಆಳಿಗೂ ಅತಿಥಿಗೂ ಜೀರಿಗೆ ಹಾಕಿ ಕುದಿಸಿದ್ದೇ ನೀರು. ಕೇಳಿದ್ದು ನೆನಪಿದೆ, ನಗು ನೆನಪಿದೆ, ಸಿಸ್ಟರ್ ಮಡಚಿದ ಬೆರಳು ನೆನಪಿದೆ, ಉತ್ತರ ಮಾತ್ರ ನೆನಪಿಲ್ಲ. ರಬ್ಬರ್ ಮರದ ತೊಗಟೆಯನ್ನು ಕತ್ತಿಯಿಂದ ಕೆರೆಯುವಾಗೆಲ್ಲ ಆ ಶೆಡ್ಡಿನೊಳಗೆ ಹೋಗಿ ಕೂತು ಕಿವಿ ಕೊಡುತ್ತಾನೆ. ಅಷ್ಟರಲ್ಲಿ ಕತ್ತಿ ಆಳಕ್ಕೆ ಹೋಗಿ ಮರಕ್ಕೆ ಗಾಯವಾಗುತ್ತದೆ. ಫಾದರನ್ನು ಕೇಳಿದರೆ ಒಂದು ನಿಮಿಷದ ಕೆಲಸ. ಆದರೆ ಅವರು ಆಗುವುದಿಲ್ಲ ಎಂದುಬಿಟ್ಟರೆ? ಅದಕ್ಕಿಂತ ಸತ್ತು ಹುಟ್ಟಿತು ಎನ್ನುವುದು ಸುಲಭವಾಗಿತ್ತು. ಹಾಗಂದದ್ದಕ್ಕೆ, ಮಾಮೋದೀಸ ಆಗದ ಮಕ್ಕಳನ್ನು ಇಡುವಲ್ಲಿ, ಇಗರ್ಜಿಯ ಸ್ಮಶಾನದ ಗೋಡೆಯ ಹೊರಗೆ ಅದಕ್ಕೆ ಜಾಗ ಸಿಕ್ಕಿತು. ಮಾಮೋದೀಸ ಆಗಿದ್ದರೆ ಒಳಗಿರಬೇಕಾದ್ದನ್ನು ಅವನು ತನ್ನ ಕೈಯಾರೆ ಹೊರಗೆ ಮಲಗಿಸಿ ಬಂದಿದ್ದ. ಮೇಲೆ ಒಂದು ಕಲ್ಲನ್ನೂ ಇಟ್ಟಿರಲಿಲ್ಲ.

ಆಲಂಕಾರಿನಲ್ಲಿ ಹತ್ತಿದ ಒಬ್ಬಳು ಮುದುಕಿ ಆಲೀಸಳ ಪಕ್ಕಕ್ಕೆ ಬಂದು ಕೂತಳು. ಬಿಳಿ ಬಟ್ಟೆಯನ್ನು ತಲೆಗೆ ಸುತ್ತಿಕೊಂಡ ಬ್ಯಾರಿ ಹೆಂಗಸು; ಕಂಡಕ್ಟರ್ ಅವಳನ್ನು ರುಖಿಯಮ್ಮ ಎಂದು ಕರೆದು ಉಪ್ಪಿನಂಗಡಿಗೆ ಟಿಕೆಟು ಹರಿದ. ಬಾಣಂತಿಯರಿಗೆ ಎಣ್ಣೆ ಹಚ್ಚಿ ಮೀಸುವ ಕೆಲಸದವಳೆಂದು ಅವಳ ಮಡಿಲಲ್ಲಿದ್ದ ಎಣ್ಣೆ ಹಿಡಿದ ಸೀಸೆಯೂ ಬೇರಿನ ಕಟ್ಟೂ ಹೇಳುತ್ತಿದ್ದವು. ಗಾಳಿಗೆ ಆಲೀಸಳ ಸೆರಗು ಜಾರಿತು. ಕಿವಿಯ ಮೇಲೆ, ನೆತ್ತಿಯ ಎರಡು ಬದಿಯಲ್ಲಿ, ಬೋಳು ಕಾಣಿಸಿಕೊಂಡಿತು. ಬೆನ್ನಿನ ಮೇಲೆಲ್ಲ ಉದುರಿದ ಕೂದಲು. ಟೋಮಿ, ತನ್ನ ಲುಂಗಿಯೇ ಜಾರಿದಷ್ಟು ನಾಚಿ, ಸುತ್ತ ನೋಡಿದ. ರುಖಿಯಮ್ಮ ಮಾತ್ರ ತನ್ನ ಮಗಳ ಬೆನ್ನು ಒರೆಸುವಷ್ಟು ಸಲೀಸಾಗಿ ಆ ಕೂದಲುಗಳನ್ನು ಒಂದೊಂದಾಗಿ ಹೆಕ್ಕಿ, ಬೆರಳಿಗೆ ಸುತ್ತಿ, ಕಿಟಕಿಯಿಂದ ಹೊರಗೆ ಬಿಟ್ಟಳು. "ಹೆತ್ತು ಮೂರು ತಿಂಗಳಾಯ್ತಾ ಮಗಳೇ?" ಎಂದು ಕೇಳಿದಳು. ಆಲೀಸ್ ಹೌದೆಂದು ತಲೆ ಆಡಿಸಿದಳು. "ಹಾಗಾದ್ರೆ ಹೆದರುದು ಬೇಡ. ಮಗು ತಾಯಿಯ ಮುಖ ಗುರ್ತ ಹಿಡಿದು ನಗ್ಲಿಕ್ಕೆ ಸುರು ಮಾಡಿದ ಮೇಲೆ ತಾಯಿಯ ಕೂದಲು ಹೋಗುದೇ. ಒಂದೊಂದು ನಗುವಿಗೆ ಒಂದೊಂದು. ಎಷ್ಟು ಮಕ್ಕಳ ತಾಯಂದಿರನ್ನು ನೋಡಿಲ್ಲ ನಾನು." ಬೋಳಾದ ಜಾಗವನ್ನು ಅವಳು ಹೆಬ್ಬೆರಳಲ್ಲಿ ಮುಟ್ಟಿ ನೋಡಿ, "ಭಾರಿ ನಗ್ತಾನಲ್ಲ ಪೋಕರಿ" ಎಂದಳು.

"ಹುಡುಗ ಅಲ್ಲ," ಎಂದಳು ಆಲೀಸ್. "ಹೆಣ್ಣು."

ಕಂಬ ಕೈಜಾರಿ ಟೋಮಿ ಹಿಂದಿನವನ ಕಾಲು ತುಳಿದು, ಬೈಸಿಕೊಂಡ. ಹೆಣ್ಣೆಂದು ಅವಳಿಗೆ ಯಾರು ಹೇಳಿದರು? ಅವನು ಹೇಳಿರಲಿಲ್ಲ. ಸತ್ತು ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ತ್ರೇಸ್ಯಾಮ್ಮ ಕೇಳಿದಾಗ ಕೂಡ, ನೋಡಲಿಲ್ಲ ಎಂದಿದ್ದ. ನರ್ಸ್ ಹೇಳಿರಬಹುದು; ಏನೂ ಹೇಳಬೇಡಿ, ಅವಳು ತಡೆದುಕೊಳ್ಳಲಾರಳು ಎಂದು ಅವನು ಡಾಕ್ಟರಲ್ಲಿ ಬೇಡಿಕೊಂಡದ್ದು ನರ್ಸಿಗೆ ಮುಟ್ಟದೆ ಇರಬಹುದು. ಹಾಗೆಂದು ಸಮಾಧಾನ ಮಾಡಿಕೊಂಡ. ಉಪ್ಪಿನಂಗಡಿಯ ತನಕ ಆ ಇಬ್ಬರು ಹೆಂಗಸರು ಮಗುವಿನ ಸಂಗತಿ ಮಾತಾಡಿದರು. ಕೇಳದೆ ಇರಲು ಅವನಿಂದಾಗಲಿಲ್ಲ. ಮಲಗುವಾಗ ಮುಷ್ಟಿ ಬಿಗಿಯುತ್ತದಾ, ತಲೆ ತುಂಬ ಕೂದಲಾ, ಜೋರು ಅಳುತ್ತದಾ ಎಂದು ಮುದುಕಿ ಕೇಳುತ್ತಿದ್ದಳು. ಹೌದು, ಹೌದು, ಅಳುವುದಿಲ್ಲ ಎಂದು ಆಲೀಸ್, ನಡುಗುವ ಗದ್ದವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿದ್ದಳು. ಸುಳ್ಳು ಹೇಳುವವರ ಅವಸರ ಅದರಲ್ಲಿರಲಿಲ್ಲ. ಸುಳ್ಳಿನ ವಿಷಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಳಿಯುವಾಗ ರುಖಿಯಮ್ಮ ಅವಳ ತಲೆ ಸವರಿ, ಮಗುವನ್ನು ಮನೆಯಲ್ಲಿ ಯಾರ ಹತ್ತಿರ ಬಿಟ್ಟು ಬಂದೆ ಎಂದು ಕೇಳಿದಳು. ಆಲೀಸ್ ಹಿಂತಿರುಗಿ ಗಂಡನ ಮುಖವನ್ನು ನೋಡಿದಳು. ಉತ್ತರ ಹೇಳಬೇಕಾದವನು ಅವನು ಎಂಬಂತಿತ್ತು ಆ ನೋಟ.

ಮುದುಕಿ ಎದ್ದ ಸೀಟಿನಲ್ಲಿ ಅವನೇ ಕೂರಬಹುದಿತ್ತು, ಕೂರಲಿಲ್ಲ. ತೊಟ್ಟಿಲಿನ ನೆನಪಾಯಿತು. ಹೋದ ವಾರ ಅಟ್ಟದಲ್ಲಿ ಹಗ್ಗ ಹುಡುಕುವಾಗ, ಹೆರಿಗೆಗೆ ಮೊದಲು ತಂದು ಹಾಗೆಯೇ ಉಳಿದ ಬೆತ್ತದ ತೊಟ್ಟಿಲಲ್ಲಿ ಬಿಳಿ ಬಟ್ಟೆಯ ಒಂದು ಗಂಟು ಕಂಡಿತ್ತು. ಬಿಚ್ಚಿದರೆ ಕೂದಲು. ಮೂರು ವಾರ ಬಾಚಿದ್ದು, ದಿಂಬಿನಿಂದ ಹೆಕ್ಕಿದ್ದು, ಬಚ್ಚಲಲ್ಲಿ ಸಿಕ್ಕಿದ್ದು ಎಲ್ಲವನ್ನೂ ಎಣ್ಣೆ ಹಾಕಿ, ಸುತ್ತಿ ಸುತ್ತಿ ಉಂಡೆ ಮಾಡಿ ಇಟ್ಟಿದ್ದಳು. ಕೈಯಲ್ಲಿ ಹಿಡಿದಾಗ ಅದರ ಗಾತ್ರ ಅಂಗೈಗೆ ಮೊದಲೇ ಪರಿಚಯವಿತ್ತು. ತೊಡೆಯ ಮೇಲೆ ಮಗುವನ್ನು ಇಟ್ಟುಕೊಂಡು ನೀರು ಹೊಯ್ಯುವಾಗ ಎಡಗೈಯಲ್ಲಿ ಆತುಕೊಂಡಿದ್ದ ತಲೆ ಅಷ್ಟೇ ಇತ್ತು. ಬಟ್ಟೆ ಹೇಗಿತ್ತೋ ಹಾಗೆ ಮುಚ್ಚಿಟ್ಟು ಇಳಿದು ಬಂದಿದ್ದ. ಊಟಕ್ಕೆ ಕೂತಾಗ ಅವಳು, "ತೊಟ್ಟಿಲು ಮುಟ್ಟಿದ್ರಾ?" ಎಂದು ಕೇಳಿದಳು. ಇಲ್ಲ ಎಂದ. "ಮುಟ್ಟಿದ್ರೆ ತೊಂದ್ರೆ ಇಲ್ಲ. ಅದರಲ್ಲಿ ಜೀರಿಗೆ ವಾಸನೆ ಬರ್ತದೆ, ನಿಮಗೂ ಬಂತಾ ಅಂತ ಕೇಳಿದ್ದು." ಆ ದಿನದಿಂದ ಅವಳು ಮನೆಯ ಜೀರಿಗೆ ನೀರು ಕುಡಿಯುವುದನ್ನು ಬಿಟ್ಟು ಬಾವಿಯ ನೀರನ್ನೇ ಕುಡಿಯುತ್ತಿದ್ದಳು. ಅದನ್ನು ಕುಡಿಯಲು ಒಂದು ಥರ ಆಗುತ್ತದೆ, ಯಾರದೋ ತಲೆಯ ವಾಸನೆ ಅದು, ಎಂದು ತ್ರೇಸ್ಯಾಮ್ಮನಿಗೆ ಹೇಳಿದ್ದಳಂತೆ. ತ್ರೇಸ್ಯಾಮ್ಮ ಅದನ್ನೂ ನಿತ್ರಾಣದ ಲೆಕ್ಕಕ್ಕೆ ಹಾಕಿ, ಜೀರಿಗೆ ನೀರು ಕೊಡುವುದನ್ನು ಬಿಟ್ಟಿರಲಿಲ್ಲ. ಡಾಕ್ಟರಿಗೆ ತೋರಿಸುವ ಮಾತು ಬಂದಾಗ ಟೋಮಿ ಸುಳ್ಯದ ಡಾಕ್ಟರ್ ಒಳ್ಳೆಯವರು ಎಂದು ನೋಡಿದ, ಮಡಿಕೇರಿಗೆ ಹೋದರೂ ಆದೀತು ಎಂದು ನೋಡಿದ. ಪುತ್ತೂರಿನ ಅದೇ ಆಸ್ಪತ್ರೆಗೆ ಆದರೆ ಮಾತ್ರ ಬರುವುದು ಎಂದು ಅವಳು ಪಟ್ಟು ಹಿಡಿದು ಕೂತಳು.

ಪುತ್ತೂರಲ್ಲಿ ಇಳಿದು ಆಸ್ಪತ್ರೆಯ ದಾರಿ ಹಿಡಿದ ಮೇಲೆ ಅವಳು ಮುಂದೆ, ಅವನು ಹಿಂದೆ. ಅಷ್ಟು ದಿನ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವಳು ದಿಬ್ಬವನ್ನು ನಿಲ್ಲದೆ ಹತ್ತಿದಳು. ಹತ್ತೂ ಐವತ್ತು. ಮೊಣಕೈ ಸೊಂಟಕ್ಕೆ ಬಡಿಯುತ್ತಿತ್ತು, ಚೀಲದೊಳಗೆ ಫ್ಲಾಸ್ಕಿನ ಮುಚ್ಚಳ ಕಟಕಟ ಎನ್ನುತ್ತಿತ್ತು. ಆ ಶಬ್ದ ಅವನಿಗೆ ಮಂಚದ ಕಾಲಿನದೇ. ಹನ್ನೊಂದೂವರೆಗೆ ವರಾಂಡದಲ್ಲಿ ಮಗುವಿನ ಉಸಿರು ನಿಂತದ್ದು ಅವನಿಗೆ ಗೊತ್ತಾದದ್ದು ಮಗುವಿನಿಂದಲ್ಲ. ಗೋಡೆಯಾಚೆ ಮಂಚದ ಶಬ್ದ ಒಮ್ಮೆಲೇ ನಿಂತಿತು. ಏನಾಯಿತೆಂದು ತಲೆ ಎತ್ತಿ ಕೇಳಿ, ಮತ್ತೆ ತಗ್ಗಿಸಿ ನೋಡುವಾಗ ತೊಡೆಯ ಮೇಲಿನದು ಹೋಗಿತ್ತು. ತಾಯಿ ಹೋದಳು, ಮಗು ಉಳಿಯಿತು ಎಂದು ಅರೆಕ್ಷಣ ಅವನು ತಪ್ಪು ತಿಳಿದಿದ್ದ. ಆ ಅರೆಕ್ಷಣ ತನಗೆ ಯಾರು ಉಳಿಯಬೇಕೆನ್ನಿಸಿತ್ತು ಎಂಬುದನ್ನು ಅವನು ಯಾವ ಪಾಪನಿವೇದನೆಯಲ್ಲಿಯೂ ಹೇಳಲಾರ. ಆಸ್ಪತ್ರೆಯ ಗೇಟಿನಲ್ಲಿ ಹೊರರೋಗಿಗಳ ಸಾಲು ಎಡಕ್ಕಿತ್ತು. ಆಲೀಸ್ ಬಲಕ್ಕೆ, ಹೆರಿಗೆ ವಾರ್ಡಿನ ಕಡೆಗೆ ತಿರುಗಿದಳು. "ಅಲ್ಲಿ ಅಲ್ಲ, ಚೀಟಿ ಮಾಡಿಸುದು ಈಚೆ" ಎಂದು ಅವನು ಹಿಂದಿನಿಂದ ಹೇಳಿದ. ಅವಳು ಕೈಯಾಡಿಸಿದಳೋ, ಅದು ನಡುಕವೋ, ತಿಳಿಯಲಿಲ್ಲ.

ವರಾಂಡ ಹಾಗೆಯೇ ಇತ್ತು. ಬೆಂಚು, ಬೆಂಚಿನ ಮೇಲೆ ಯಾರದೋ ಗಂಡ ತೂಕಡಿಸುತ್ತ, ತುದಿಯಲ್ಲಿ ಬಿಡದೆ ತೊಟ್ಟಿಕ್ಕುವ ನಳ್ಳಿ. ಟೋಮಿ ಎಣಿಸಬಾರದೆಂದುಕೊಂಡೇ ಹೆಜ್ಜೆ ಎಣಿಸಿದ, ಹತ್ತಲ್ಲ, ಎಂಟು. ಬಕೆಟ್ ಹಿಡಿದು ಎದುರು ಬಂದ ಪಂಕಜಾಕ್ಷಿ ಮೊದಲು ಅವನ ಗುರುತು ಹಿಡಿದು ನಕ್ಕಳು, ಆಮೇಲೆ ಆಲೀಸಳನ್ನು ನೋಡಿ ಬಕೆಟ್ ಕೆಳಗಿಟ್ಟಳು. "ಹೇಗುಂಟಮ್ಮ ಈಗ? ನೀವು ಬದುಕಿದ್ದೇ ದೊಡ್ಡದು. ಆ ದಿನ ಮಂಚ ಹಿಡಿದುಕೊಳ್ಳಿಕ್ಕೆ ಮೂರು ಜನ ಬೇಕಾಗಿತ್ತು ನಮಗೆ" ಎಂದಳು. ಇಷ್ಟು ಹೊತ್ತಿಗೆ ಟೋಮಿ ಆಲೀಸಳ ಹಿಂದೆ ನಿಂತು ಆಯಾಳಲ್ಲಿ ಕಣ್ಣಲ್ಲೇ ಬೇಡಿಕೊಳ್ಳತೊಡಗಿದ್ದ. ಪಂಕಜಾಕ್ಷಿ ಅನುಭವಸ್ಥೆ. ವರಾಂಡದಲ್ಲಿ ಇಪ್ಪತ್ತು ವರ್ಷ ಗಂಡಂದಿರ ಕಣ್ಣುಗಳನ್ನು ನೋಡಿದವಳು, ಮಾತು ಅಲ್ಲಿಗೇ ನಿಲ್ಲಿಸಿದಳು. ಅವಳ ಮಾತಿಗೆ ಟೋಮಿ ಒಂದು ಸಲ ಹೂಂ ಎಂದರೆ ಮುಗಿಯುತ್ತಿತ್ತು. ಸುಳ್ಳು ಗಟ್ಟಿಯಾಗುತ್ತಿತ್ತು, ಬಸ್ಸು ಹತ್ತಿ ಮನೆಗೆ ಹೋಗಬಹುದಿತ್ತು.

ಆಲೀಸ್ ಆಯಾಳನ್ನೇ ನೋಡುತ್ತ, ಪೇಟೆಯಲ್ಲಿ ವಿಳಾಸ ಕೇಳುವಷ್ಟು ಸಾಧಾರಣವಾಗಿ, "ನನ್ನ ಮಗು ನಕ್ಕಿತ್ತಾ?" ಎಂದು ಕೇಳಿದಳು.

ಪಂಕಜಾಕ್ಷಿ ಟೋಮಿಯನ್ನು ನೋಡಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಅವಳೂ ಅಲ್ಲಾಡಿಸುತ್ತಿದ್ದಳು. ಅಷ್ಟರ ಮಟ್ಟಿಗೆ ಅವಳ ಮುಖ ಸಿದ್ಧವಾಗಿತ್ತು. ಟೋಮಿಗೆ ಕಂಡದ್ದು ಅವಳ ಮುಖವಲ್ಲ, ಆಲೀಸಳ ಕುತ್ತಿಗೆ. ಸೆರಗು ಜಾರಿದ, ಕೂದಲು ತೆಳುವಾದ ಹಿಂಭಾಗದಲ್ಲಿ ನೆತ್ತಿಯ ಚರ್ಮ ಎಳೆ ಮಗುವಿನದರಂತೆ ಬೆಳ್ಳಗೆ, ಮಿದುವಾಗಿ ಕಾಣುತ್ತಿತ್ತು, ಅದೂ ಸಣ್ಣಗೆ ನಡುಗುತ್ತಿತ್ತು. ಆ ನಡುಕದೊಳಗೆ ಅವಳು ಪ್ರತಿ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬಳೇ ಹೋಗಿ ಹನ್ನೊಂದೂವರೆಯ ತನಕ ಕೂತು ಬರುತ್ತಿದ್ದಳು, ತಾನು ಗಡಿಯಾರ ಹಿಡಿದು ಹೊರಗೆ ನಿಂತಿದ್ದೆ ಎಂದು ಅವನಿಗೆ ಆಗ ಹೊಳೆಯಿತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. "ನಕ್ಕಿತ್ತು" ಎಂದ.

ಆಮೇಲೆ ತಡೆಯುವಂತಿರಲಿಲ್ಲ. ಪಂಕಜಾಕ್ಷಿ ಬಕೆಟ್ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದಳು. ಅವನು ಗೋಡೆಗೆ ಒರಗಿ ನಿಂತು, ಹೆಂಡತಿಯ ಮುಖ ನೋಡದೆ, ನಳ್ಳಿಯನ್ನು ನೋಡುತ್ತ ಹೇಳಿದ. ಒಂಬತ್ತು ಗಂಟೆ ಹೇಳಿದ, ಹನ್ನೊಂದೂವರೆ ಹೇಳಿದ. ಸ್ಮಶಾನದ ಗೋಡೆಯ ಹೊರಗಿನ ಜಾಗ ಹೇಳಿದ. ನಾಳೆಯೇ ಫಾದರ್ ಹತ್ತಿರ ಹೋಗುವ, ಅವರು ಒಳಗೆ ಇಡಬಹುದು ಅಂದರೆ ತೆಗೆದು ಒಳಗೆ ಇಡುವ ಎಂದ. ಜೀರಿಗೆ ನೀರಿನ ಸಂಗತಿಯನ್ನು ಕೊನೆಗೆ ಹೇಳಿದ. ಎಳನೀರು ಆಗುವುದಿಲ್ಲ, ಗಂಜಿತಿಳಿ ಆಗುವುದಿಲ್ಲ, ಇದು ಆಗುತ್ತದೋ ಇಲ್ಲವೋ ನೆನಪಿಲ್ಲ, ನಳ್ಳಿ ಇಲ್ಲೇ ಇತ್ತು, ಎಂಟೇ ಹೆಜ್ಜೆ, ತಾನು ನೋಡಲಿಲ್ಲ ಎಂದು, ತೂಕಡಿಸುತ್ತಿದ್ದ ಗಂಡಸು ಕಣ್ಣು ಬಿಟ್ಟು ನೋಡುವಷ್ಟು, ಅವನು ಅತ್ತ. ಆಲೀಸ್ ಅಳಲಿಲ್ಲ. ಚೀಲದಿಂದ ಫ್ಲಾಸ್ಕು ತೆಗೆದು, ಮುಚ್ಚಳ ಬಿಚ್ಚಿ ಮೂಗಿನ ಹತ್ತಿರ ಹಿಡಿದು, "ಇದೇ" ಎಂದಳು. ಮೂರು ತಿಂಗಳು ಕಳೆದುಹೋಗಿದ್ದ ಸಾಮಾನು ಸಿಕ್ಕಿದವರ ಹಾಗೆ ಮುಚ್ಚಳಕ್ಕೆ ಸ್ವಲ್ಪ ಬಗ್ಗಿಸಿಕೊಂಡು, ನಡುಗುವ ಕೈಯಿಂದ ಅರ್ಧ ಚೆಲ್ಲಿ, ಉಳಿದದ್ದನ್ನು ಕುಡಿದಳು.

"ಯಾರ ಮುಖ ನೋಡಿ ನಕ್ಕಿತು?"

"ನನ್ನ" ಎಂದ ಟೋಮಿ. "ನೀರು ಹೊಯ್ದ ಮೇಲೆ. ಇಲ್ಲಿ, ತುಟಿಯ ಒಂದು ಬದಿ ಮಾತ್ರ. ಪಂಕಜಾಕ್ಷಿಯೂ ನೋಡಿದ್ದಾಳೆ."

ಅವಳು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಹತ್ತಿರ ಬಂದಳು. ಎರಡೂ ಕೈ ಎತ್ತಿ ಅವನ ತಲೆಗೂದಲೊಳಗೆ ಬೆರಳು ಹಾಕಿ, ಹೇನು ನೋಡುವವರಂತೆ ಬಿಡಿಸಿ, ಮುಷ್ಟಿಯಲ್ಲಿ ಹಿಡಿದು ಎಳೆದಳು. ನೋವಾಯಿತು, ಅವನು ಸುಮ್ಮನೆ ನಿಂತ. ಮದುವೆಯಾದ ಆರು ವರ್ಷದಲ್ಲಿ ಅವಳು ಹೀಗೆ ಹಗಲು ಹೊತ್ತು, ನಾಲ್ಕು ಜನ ಓಡಾಡುವಲ್ಲಿ ಅವನನ್ನು ಮುಟ್ಟಿದವಳಲ್ಲ. ಮುಷ್ಟಿ ಬಿಚ್ಚಿ ಎರಡೂ ಅಂಗೈಯನ್ನು ವರಾಂಡದ ಬೆಳ್ಳಗಿನ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದಳು. ಕುಂಞಿ ಮೋನು ಶೀಟನ್ನು ನೋಡಿದ್ದು ಹೀಗೆಯೇ. "ನಿಮ್ಮದು ಒಂದೂ ಬರ್ಲಿಲ್ಲ" ಎಂದಳು. ಅವನನ್ನು ಕಂಡು ಪಾಪ ಎನ್ನಿಸಿದ ಹಾಗೆ, "ನಿಮ್ಮ ಮುಖ ನೋಡಿ ಒಂದು ಸಲ ನಕ್ಕಿರ್ಬಹುದು. ಈಗ ನಗುದು ನನ್ನ ಮುಖ ನೋಡಿಯೇ" ಎಂದಳು.

ಇಲ್ಲ, ಅದು ಸತ್ತಿದೆ ಎನ್ನಬೇಕಾದವನು ಟೋಮಿಯೇ ಆಗಿದ್ದ. ಅವಳ ಭುಜದ ಮೇಲಿಂದ, ಯಾರೂ ತೆಗೆಯದೆಯೇ, ಒಂದು ಉದ್ದ ಕೂದಲು ಕಳಚಿ ಸೆರಗಿನ ಮೇಲೆ ಇಳಿಯಿತು. ಅದರ ಹಿಂದೆಯೇ ಇನ್ನೊಂದು. ಅವಳು ಅವನ್ನು ನೋಡಿ, ಕೆಳಗೆ ಬೀಳಲು ಬಿಡದೆ ಹೆಕ್ಕಿ, ಬೆರಳಿಗೆ ಸುತ್ತಿಕೊಂಡಳು. ಗಡಿಯಾರ ನೋಡಬಾರದು ಎಂದುಕೊಂಡ. ನೋಡಬೇಕಾಗಲಿಲ್ಲ; ಅವಳ ಗದ್ದ ನಿಂತಿತು, ಮೊಣಕೈ ನಿಂತಿತು, ಬೆರಳುಗಳು ಒಂದೊಂದಾಗಿ ಬಂದು ಸಾಲಿನಲ್ಲಿ ಕೂತವು.

"ಹೆಸರು ಎಂತ ಇಟ್ಟಿರಿ?" ಎಂದು ಕೇಳಿದಳು. "ಅಮ್ಮಚ್ಚಿದಾ?"

ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುವುದು ಅವರಲ್ಲಿ ಕ್ರಮ. ಆ ದಿನ ಫ್ಲಾಸ್ಕಿನ ಮುಚ್ಚಳ ಎತ್ತಿ ಹಿಡಿದು ಅವನು ತ್ರೇಸ್ಯಾ ಎನ್ನಲು ಬಾಯಿ ತೆರೆದಿದ್ದ. ಗೋಡೆಯಾಚೆ ಮಂಚ ಬಡಿಯುತ್ತಿತ್ತು. ಬಾಯಿಗೆ ಬಂದದ್ದು ಒಂದೇ ಹೆಸರು. ಬಂದ ಹೆಸರಿಗೆ ನೀರು ಹೊಯ್ದಾಗಿತ್ತು. ಅಲ್ಲಿಂದ ಆಚೆಗೆ ಮನೆಯಲ್ಲಿ ಆ ಹೆಸರನ್ನು ಕೂಗಿದರೆ ಯಾರು ಎದ್ದು ಬಂದಾರು ಎಂಬ ಭಯ ಅವನಿಗೆ.

"ಆಲೀಸ್" ಎಂದ.

"ಓ" ಎಂದಳು ಅವಳು. ಅಡುಗೆಮನೆಯಿಂದ ಓಗೊಡುವ, ಮೂರು ತಿಂಗಳ ಹಿಂದಿನ, ಅದೇ ಹಳೆಯ ದನಿ. ಕರೆದದ್ದು ಯಾಕೆಂದು ಹೇಳಲಿ ಎಂದು ಕಾದಳು. ಅವಳ ಮುಖದಲ್ಲಿ ಅರ್ಥ ನಿಧಾನವಾಗಿ ಮೂಡುವುದನ್ನು ಅವನು ನೋಡುತ್ತಲೇ ನಿಂತ.

"ಇನ್ನೊಮ್ಮೆ ಕರೀರಿ" ಎಂದಳು.

ಅವನು ಕರೆದ. ಈ ಸಲ ಅವಳು ಓಗೊಡಲಿಲ್ಲ. ತುಟಿ ಒತ್ತಿ ಹಿಡಿದು, ಸೆರಗು ಸರಿಪಡಿಸಿಕೊಂಡು, ಕರೆದದ್ದಕ್ಕೆ ಬರುವ ಇನ್ನೊಬ್ಬಳಿಗೆ ದಾರಿ ಬಿಟ್ಟುಕೊಡುವವಳಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.